ಗ್ರೀಕೋ–ಮಲೆನಾಡು ಶಬ್ದಸಿದ್ಧಾಂತ: ಒಂದು ಪೂರ್ವಭಾವಿ ವಿಚಾರಣೆ

ಇಂಗ್ಲಿಷ್ ಪದಸಂಪತ್ತು ಬೆಳೆಯಬೇಕಾದರೆ ಗ್ರೀಕ್ ಧಾತುಗಳನ್ನು ಕಲಿಯಬೇಕು ಎಂಬ ಉಪದೇಶಕ್ಕೆ ನಾರ್ಮನ್ ಲೂಯಿಸ್ 1949ರಲ್ಲಿ ‘ವರ್ಡ್ ಪವರ್ ಮೇಡ್ ಈಸಿ’ ಬರೆದು ಮನೆಮಾತಿನ ಪಟ್ಟ ಕೊಟ್ಟ. ಬ್ಯಾಂಕು, ಎಸ್‌ಎಸ್‌ಸಿ ಪರೀಕ್ಷೆ ಕಟ್ಟುವವರು ಇಂದಿಗೂ ಅದನ್ನು ಹೊತ್ತು ತಿರುಗುತ್ತಾರೆ. ಕಳಸದಿಂದ ಚಿಕ್ಕಮಗಳೂರಿಗೆ ಹೋಗುವ ಬಸ್ಸಿನಲ್ಲಿ ಕೂತು ಮೊದಲ ಅಧ್ಯಾಯ ಓದಿದವರು ಬೇಕಾದಷ್ಟಿದ್ದಾರೆ. ರಸ್ತೆಯ ತಿರುವುಗಳ ದೆಸೆಯಿಂದ ಎರಡನೆಯದಕ್ಕೆ ಹೋದವರು ವಿರಳ. ಪ್ರಸ್ತುತ ಪ್ರಬಂಧದ ವಾದ ಇಷ್ಟೇ: ಪುಸ್ತಕ ಅನಗತ್ಯ. ಬೇಕಾದ ಗ್ರೀಕೆಲ್ಲ ಮೂಡಿಗೆರೆ, ಕಳಸ, ಬಾಳೆಹೊನ್ನೂರಿನ ತೋಟಗಳಲ್ಲಿ ಆಗಲೇ ಬೀಡುಬಿಟ್ಟಿದೆ. ಅದರಲ್ಲಿ ಬಹುಪಾಲು ಕಚ್ಚುತ್ತದೆ, ಕೊರೆಯುತ್ತದೆ, ಇಲ್ಲವೇ ಕೊಳೆಸುತ್ತದೆ.

ಮೊದಲು ಪೂರ್ವಪಕ್ಷ. ಗ್ರೀಕರಿಗೂ ಕನ್ನಡಿಗರಿಗೂ ಏನು ನೆಂಟಸ್ತಿಕೆ ಎಂದು ಕೇಳುವವರುಂಟು. ಈಜಿಪ್ಟಿನ ಆಕ್ಸಿರಿಂಕಸ್ಸಿನಲ್ಲಿ ಸಿಕ್ಕ, ಸುಮಾರು ಎರಡನೆಯ ಶತಮಾನದ ಪಪೈರಸ್ ಒಂದರಲ್ಲಿ ಗ್ರೀಕ್ ಪ್ರಹಸನವಿದೆ, 1903ರಲ್ಲಿ ಅಚ್ಚಾಯಿತು. ಭಾರತದ ಕರಾವಳಿಯಲ್ಲಿ ಸಿಕ್ಕಿಬಿದ್ದ ಕ್ಯಾರಿಷನ್ ಎಂಬಾಕೆಯನ್ನು ಅವಳ ಕಡೆಯವರು ಅಲ್ಲಿನ ರಾಜನಿಗೆ ಹೆಂಡ ಕುಡಿಸಿ ಬಿಡಿಸಿಕೊಂಡು ಹೋಗುವ ಕಥೆ. ವಿದೂಷಕನ ಮುಖ್ಯ ಆಯುಧ ಅಪಾನವಾಯು. ರಾಜನ ಕಡೆಯವರಾಡುವ, ಗ್ರೀಕಲ್ಲದ ಮಾತುಗಳು ಕನ್ನಡವಿರಬೇಕು ಎಂದು 1904ರಲ್ಲಿ ಹುಲ್ಟ್ಜ್ ಸೂಚಿಸಿದರು; ಶಾಮಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಅದರ ಬೆನ್ನು ಹತ್ತಿದರು. ಒಪ್ಪದ ಪಂಡಿತರೂ ಇದ್ದಾರೆ, ವ್ಯಾಜ್ಯ ಇನ್ನೂ ಇತ್ಯರ್ಥವಾಗಿಲ್ಲ. ಆದರೆ ಅಣಕು ಪ್ರಬಂಧಕ್ಕೆ ಇಷ್ಟು ಆಧಾರ ಧಾರಾಳವಾಯಿತು.

ಇನ್ನು ಪ್ರಥಮ ಪಾಠ: ಇಂಬಳ. ಮಳೆಗಾಲದಲ್ಲಿ ತೋಟದಿಂದ ಬಂದು ಗಂಬೂಟು ಕಳಚಿದಾಗ ಕಾಲ್ಬೆರಳ ಸಂದಿಯಲ್ಲಿ ದ್ರಾಕ್ಷಿಯಂತೆ ಊದಿಕೊಂಡು ಕೂತಿರುತ್ತದೆ. ಉಪ್ಪು, ಸುಣ್ಣ ಅಥವಾ ಹೊಗೆಸೊಪ್ಪಿನ ನೀರು ಸವರಿದರೆ ಉದುರುತ್ತದೆ; ಉದುರಿದ ಮೇಲೂ ರಕ್ತ ಸೋರುವುದು ನಿಲ್ಲುವುದಿಲ್ಲ, ಏಕೆಂದರೆ ಹೆಪ್ಪುಗಟ್ಟದಂತೆ ತಡೆಯುವ ರಸವನ್ನು ಅದು ಮೊದಲೇ ಒಳಗೆ ಬಿಟ್ಟಿರುತ್ತದೆ. ಶಾಸ್ತ್ರೀಯ ನಾಮಧೇಯ ಹೀಮಡಿಪ್ಸಾ. ‘ಹೈಮ’ ಎಂದರೆ ರಕ್ತ, ‘ಡಿಪ್ಸಾ’ ಎಂದರೆ ಬಾಯಾರಿಕೆ. ಬ್ಯಾಂಡೇಜು ಸುತ್ತಿಕೊಳ್ಳುವಷ್ಟರಲ್ಲಿ ವಿದ್ಯಾರ್ಥಿ ಹಿಮೋಗ್ಲೋಬಿನ್, ಹೆಮರೇಜ್, ಅನೀಮಿಯಾ ಮೂರನ್ನೂ ಒಲಿಸಿಕೊಂಡಿರುತ್ತಾನೆ. ಕುಡಿತದ ಗೀಳಿಗೆ ಡಿಪ್ಸೋಮೇನಿಯಾ, ಸಕ್ಕರೆ ಕಾಯಿಲೆಯವರ ತೀರದ ದಾಹಕ್ಕೆ ಪಾಲಿಡಿಪ್ಸಿಯಾ ಎಂಬುದು ಲಾಭಾಂಶ. ಹೀಮೋಫಿಲಿಯಾ ಎಂದರೆ ಧಾತ್ವರ್ಥದಲ್ಲಿ ‘ರಕ್ತಪ್ರೀತಿ’. ನಿಜವಾದ ರಕ್ತಪ್ರೇಮಿ ಇಂಬಳಕ್ಕೆ ಸಲ್ಲಬೇಕಾದ ಈ ಬಿರುದನ್ನು ರಕ್ತ ಹೆಪ್ಪುಗಟ್ಟದ ಪಾಪದ ರೋಗಿಗೆ ಕಟ್ಟಿರುವುದು ಅನ್ಯಾಯ.

ದ್ವಿತೀಯ ಪಾಠಕ್ಕೆ ರೋಬಸ್ಟಾ ಕೊಯ್ಲಿನ ಕಾಲದಲ್ಲಿ ಬರತಕ್ಕದ್ದು. ರೋಬಸ್ಟಾ ನಾವು ಕರೆಯುವ ಹೆಸರು. 1897ರಿಂದ ಸಸ್ಯಶಾಸ್ತ್ರದ ದಾಖಲೆಯಲ್ಲಿ ಅದು ಕಾಫಿಯಾ ಕ್ಯಾನೆಫೋರಾ. ಅಥೆನ್ಸಿನ ಹಬ್ಬದ ಮೆರವಣಿಗೆಯಲ್ಲಿ ಪೂಜಾಸಾಮಗ್ರಿಯ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಮುಂದೆ ನಡೆಯುತ್ತಿದ್ದ ಕುಲೀನ ಕನ್ಯೆಯರಿಗೆ ‘ಕಾನೆಫೋರೋಯಿ’ ಎನ್ನುತ್ತಿದ್ದರು, ಬುಟ್ಟಿ ಹೊರುವವರು. ಸೊಂಟಕ್ಕೆ ಕುಕ್ಕೆ ಕಟ್ಟಿಕೊಂಡು ಹಣ್ಣು ಕುಯ್ಯುವ ಹೆಂಗಸರಿಗೆ ಇದನ್ನು ತಿಳಿಸಿದರೆ, ಅಥೆನ್ಸಿನಲ್ಲಿ ಕಿಲೋಗೆ ಎಷ್ಟು ಕೊಡುತ್ತಿದ್ದರು ಎಂಬ ಪ್ರಶ್ನೆ ಬರುವುದು ಖಂಡಿತ. ಸಂಜೆ ಕಣದಲ್ಲಿ ತೂಕ ಬರೆದುಕೊಳ್ಳುವ ರೈಟರು ಅದಕ್ಕೆ ಉತ್ತರಿಸಲು ಬದ್ಧರಲ್ಲ. ‘ಫೋರ್’ ಎಂಬ ಈ ಹೊರುವ ಧಾತು ನಮ್ಮ ‘ಭಾರ’ದ ದಾಯಾದಿಯೇ: ಬೆಳಕು ಹೊತ್ತದ್ದು ಫಾಸ್ಫರಸ್, ಅರ್ಥವನ್ನು ಅಲ್ಲಿಂದ ಇಲ್ಲಿಗೆ ಹೊತ್ತು ತರುವುದು ಮೆಟಫರ್.

ಅದೇ ಗಿಡದಲ್ಲಿ ಎಲೆಗಳನ್ನು ಹೊಲಿದು ಗೂಡು ಕಟ್ಟಿದ ಚಗಳಿ ಕಾದಿರುತ್ತದೆ. ಕೈ ತಾಗಿತೋ, ಕತ್ತಿನಿಂದ ಸೊಂಟದವರೆಗೆ ಪಾಠ ಶುರು. ಹೆಸರು ಈಕೋಫಿಲಾ, ಅಂದರೆ ‘ಓಯ್ಕೋಸ್’ ಮನೆ, ‘ಫಿಲ್ಲೊನ್’ ಎಲೆ. ಮೊದಲನೆಯದರಿಂದ ಎಕಾನಮಿ, ಇಕಾಲಜಿ; ಎರಡನೆಯದರಿಂದ ಕ್ಲೋರೊಫಿಲ್. ಚಗಳಿಯನ್ನು ಹುರಿದು ಚಟ್ನಿ ಅರೆಯುವ ಮಲೆನಾಡಿಗ ಎಕಾನಮಿ ಇಕಾಲಜಿ ಎರಡನ್ನೂ ಒಂದೇ ಒರಳಿನಲ್ಲಿ ಮುಗಿಸುತ್ತಾನೆ.

ಇಲ್ಲಿ ಒಂದು ಎಚ್ಚರಿಕೆ. ಅರೇಬಿಕಾ ಬೆಳೆಗಾರನ ನಿದ್ದೆ ಕೆಡಿಸಿದ ಬಿಳಿ ಕಾಂಡಕೊರಕ, ತೋಟದ ಭಾಷೆಯಲ್ಲಿ ‘ಬೋರರ್’, ಪುಸ್ತಕದಲ್ಲಿ ಕ್ಸೈಲೋಟ್ರೆಕಸ್ ಕ್ವಾಡ್ರಿಪೆಸ್. ಮೊದಲ ಪದ ಅಪ್ಪಟ ಗ್ರೀಕು: ಮರದ ಮೇಲೆ ಓಡುವುದು. ಎರಡನೆಯದು ಲ್ಯಾಟಿನ್: ನಾಲ್ಕು ಕಾಲಿನದು. ಕೀಟಕ್ಕೆ ಇರುವುದು ಆರು ಕಾಲು! ಬೋರರ್ ಟ್ರೇಸಿಂಗಿಗೆ ಇಳಿದ ಆಳುಗಳು ಗಿಡದ ಮೇಲಿನ ಉಂಗುರದ ಉಬ್ಬು ನೋಡಿ ಹುಳವಿರುವ ಗಿಡ ಗುರುತಿಸುತ್ತಾರೆಯೇ ಹೊರತು ಕಾಲು ಎಣಿಸುವುದಿಲ್ಲ, ಆದ್ದರಿಂದ ತೋಟದಲ್ಲಿ ಯಾರೂ ತಕರಾರು ಎತ್ತಿಲ್ಲ. ಪರೀಕ್ಷಾರ್ಥಿಗೆ ಮಾತ್ರ ಅಪಾಯವಿದೆ. ಲ್ಯಾಟಿನ್ನಿನ ‘ಪೆಡ್’ ಕಾಲು, ಗ್ರೀಕಿನ ‘ಪೆಡ್’ ಮಗು. ಪೆಡೆಸ್ಟ್ರಿಯನ್ ಕಾಲ್ನಡಿಗೆಯವನೆಂದು ಕಲಿತ ಹುರುಪಿನಲ್ಲಿ ಮೊಣಕಾಲು ನೋವಿನ ಅಜ್ಜನನ್ನು ಪೀಡಿಯಾಟ್ರಿಕ್ಸ್ ವಿಭಾಗದ ಸಾಲಿನಲ್ಲಿ ನಿಲ್ಲಿಸಿದರೆ ಅದಕ್ಕೆ ಅತಿವ್ಯಾಪ್ತಿ ದೋಷ ಎಂದು ಹೆಸರು.

ಸಂಸ್ಕೃತ ಗಂಧವಿದ್ದವರಿಗೆ ಒಳದಾರಿಯೂ ಇದೆ. ಗ್ರೀಕು, ಸಂಸ್ಕೃತ ಒಂದೇ ವಂಶದವು. ಪೆರಿ ನಮ್ಮ ಪರಿ, ಹೈಪರ್ ನಮ್ಮ ಉಪರಿ, ಹೈಪೋ ನಮ್ಮ ಉಪ, ಡಿಸ್ ನಮ್ಮ ದುಸ್. ಪೆರಿಮೀಟರ್ ಎಂದರೆ ಅಕ್ಷರಶಃ ಪರಿಮಿತಿ. ಹೈಪರ್‌ಟೆನ್ಷನ್ನೋ ಹೈಪೋಟೆನ್ಷನ್ನೋ ಎಂದು ತಡಬಡಾಯಿಸುವವರು ‘ಉಪರಿ’ ಎಂದುಕೊಂಡರೆ ಬಿಪಿ ಎತ್ತ ಹೋಗಿದೆ ಎಂಬುದು ತಿಳಿಯುತ್ತದೆ, ಇಳಿಯುವುದಿಲ್ಲ. 1925ರಿಂದ ಬಾಳೆಹೊನ್ನೂರಿನ ಬಳಿ ನಡೆದುಬಂದಿರುವ ಕಾಫಿ ಸಂಶೋಧನಾ ಕೇಂದ್ರದ ಬೋರ್ಡಿನಲ್ಲೂ ಗ್ರೀಕು ಕೂತಿದೆ: ‘ಕೇಂದ್ರ’ ಜ್ಯೋತಿಷ ಗ್ರಂಥಗಳ ಮೂಲಕ ಬಂದ ‘ಕೆಂಟ್ರೊನ್’.

ಇಷ್ಟು ಹೊತ್ತು ಸಾಲ ತಂದದ್ದಾಯಿತು. ಈಗ ಕೊಟ್ಟ ಸಾಲದ ಲೆಕ್ಕ, ಇದೇ ಪ್ರಬಂಧದ ತಿರುಳು. 1876ರಲ್ಲಿ ಜರ್ಮನಿಯ ಡಿ ಬಾರಿ ಒಂದು ರೋಗಕಾರಕ ಕುಲಕ್ಕೆ ಫೈಟಾಫ್ತೊರಾ ಎಂದು ಹೆಸರಿಟ್ಟ. ‘ಫೈಟಾನ್’ ಸಸ್ಯ, ‘ಫ್ತೊರಾ’ ನಾಶ. ಆಷಾಢದ ಜಡಿಮಳೆಯಲ್ಲಿ ಅಡಿಕೆಗೆ ಬರುವ ಕೊಳೆರೋಗ ಈ ಕುಲದ್ದೇ; ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್‌ಮನ್ 1910ರಲ್ಲಿ ಅದರ ಬಗ್ಗೆ ಬರೆದ. ಅದೇ 1876ರಲ್ಲಿ ಇಂಗ್ಲೆಂಡಿನ ಕುಕ್ ಎಂಬ ಶಿಲೀಂಧ್ರತಜ್ಞ ಕಾಫಿ ಎಲೆ ಕಪ್ಪಾಗಿ, ಕೊಳೆತು, ಶಿಲೀಂಧ್ರದ ಎಳೆಗೆ ಜೋತುಬೀಳುವ ಬೇರೊಂದು ರೋಗವನ್ನು ಕಂಡು ಪೆಲ್ಲಿಕ್ಯುಲೇರಿಯಾ ಕೊಳೆರೋಗ ಎಂದು ನಾಮಕರಣ ಮಾಡಿದ. ಗ್ರೀಕು ಹುಡುಕುವ ಗೋಜಿಗೇ ಹೋಗಲಿಲ್ಲ. ತೋಟದವರು ಕರೆಯುತ್ತಿದ್ದುದನ್ನೇ ರೋಮನ್ ಲಿಪಿಗೆ ಇಳಿಸಿದ. ಹಾಗಾಗಿ ದೂರದ ಖಂಡಗಳ ಸಸ್ಯರೋಗ ಗ್ರಂಥಗಳಲ್ಲೂ ಕನ್ನಡ ಅಚ್ಚಾಯಿತು. ಆಮೇಲಿನ ವರ್ಗೀಕರಣಗಳಲ್ಲಿ ಹೆಸರು ಹಲವು ಸಲ ಬದಲಾಗಿ ಸೆರಟೊಬೆಸಿಡಿಯಂ ಎಂಬ ಗ್ರೀಕು ಮತ್ತೆ ಒಳನುಗ್ಗಿದೆ. ಬೋರ್ಡೋ ಹೊಡೆಯಲು ಮೈಲುತುತ್ತ, ಸುಣ್ಣ ಕಲಸುವವನಿಗೆ ಈ ಬದಲಾವಣೆಯ ಸುತ್ತೋಲೆ ತಲುಪಿಲ್ಲ.

ಸಮಾನಾರ್ಥಕಗಳ ಬಗ್ಗೆ ಹೆಚ್ಚು ಹೇಳುವಂತಿಲ್ಲ. ರೋಜೆಟ್ಟನ ಥೆಸಾರಸ್ 1852ರದು. ನಮ್ಮ ರನ್ನನ ಹೆಸರಿನ ‘ರನ್ನಕಂದ’ವೆಂಬ ನಿಘಂಟು ಅದಕ್ಕಿಂತ ಎಂಟು ಶತಮಾನ ಹಿರಿದು. ಆದರೆ ಇಂಗ್ಲಿಷ್ ಕೋಶಗಳು ರೇನ್, ಶವರ್, ಡ್ರಿಜಲ್‌ಗಳನ್ನು ಒಂದೇ ಸಾಲಿನಲ್ಲಿ ಕೂರಿಸುವುದನ್ನು ಕಾಫಿ ಬೆಳೆಗಾರ ಒಪ್ಪಲಾರ. ಮೊಗ್ಗು ಅರಳಿಸುವ ಹೂಮಳೆ ಬೇರೆ, ಅದಾದ ಎರಡು ಮೂರು ವಾರಕ್ಕೆ ಕಾಯಿ ಕಚ್ಚಿಸಲು ಬೇಕಾದ ಬ್ಯಾಕಿಂಗ್ ಮಳೆ ಬೇರೆ. ಮಾರ್ಚಿನಲ್ಲಿ ನೆರೆಯವನಿಗೆ ಫೋನು ಮಾಡಿ “ನಿಮ್ಮಲ್ಲಿ ಎಷ್ಟು ಸೆಂಟ್ಸ್ ಬಂತು ಮಾರಾಯ್ರೆ?” ಎಂದು ವಿಚಾರಿಸುವವನ ಮುಂದೆ ಎರಡೂ ಪರ್ಯಾಯಪದ ಎಂದರೆ ಕಾಫಿ ಸಿಗುವುದು ಕಷ್ಟ.

ಕೊನೆಯದಾಗಿ ಭೂಗೋಳ. ‘ಮೆಸೊ’ ನಡುವೆ, ‘ಪೊಟಮೋಸ್’ ನದಿ. ತುಂಗೆ ಭದ್ರೆಯರ ನಡುವಿನ ಕೊಪ್ಪ ಈ ಲೆಕ್ಕದಲ್ಲಿ ಮೆಸೊಪೊಟೇಮಿಯ. ‘ಹಿಪ್ಪೋಸ್’ ಕುದುರೆ, ‘ಪ್ರೊಸೋಪಾನ್’ ಮುಖ. ಕಳಸದ ಆಚೆಯ ಶಿಖರ ಹಿಪ್ಪೊಪ್ರೊಸೋಪಾನ್. ಫಿಲಿಪ್ ಎಂಬ ಹೆಸರಿಗೆ ಕುದುರೆಪ್ರಿಯ ಎಂದರ್ಥವಾದ್ದರಿಂದ, ಶನಿವಾರ ಭಾನುವಾರ ಬೆಂಗಳೂರಿನಿಂದ ಬಂದು ಕುದುರೆಮುಖ ಹತ್ತುವವರೆಲ್ಲ ಶಾಸ್ತ್ರಪ್ರಕಾರ ಫಿಲಿಪ್ಪರೇ. ಅರಣ್ಯ ಇಲಾಖೆಯ ಅನುಮತಿ ಚೀಟಿಯಲ್ಲಿ ಮಾತ್ರ ಆಧಾರ್ ಕಾರ್ಡಿನಲ್ಲಿರುವ ಹೆಸರನ್ನೇ ಬರೆಯತಕ್ಕದ್ದು.