ಪಂಚಲೋಹದ ದೇವರಿಗೂ ಕೊಡೆ ಬೇಕು

ಮಳೆಗೆ ಕೊಡೆ ಹಿಡಿಯಲು ನಮ್ಮ ಗಂಡಸರದೇನೂ ತಕರಾರಿಲ್ಲ. ಅದೇ ಕೊಡೆಯನ್ನು ಏಪ್ರಿಲ್ ತಿಂಗಳ ನಡುಮಧ್ಯಾಹ್ನ ಬಿಚ್ಚಿ ಎಂದು ಹೇಳಿ ನೋಡಿ, ಮೀಸೆಗೇ ಕೈ ಹಾಕಿದಿರೇನೋ ಎಂಬಂತೆ ಕಣ್ಣು ಬಿಡುತ್ತಾರೆ. ಬಗಲಲ್ಲಿ ಮಡಿಚಿದ ಕೊಡೆ, ನೆತ್ತಿಯ ಮೇಲೆ ಮಡಿಚಿದ ದಿನಪತ್ರಿಕೆ, ಇದು ನಮ್ಮ ವೀರರ ವೇಷ. ಭಾನುವಾರವಾದರೆ ಪರವಾಗಿಲ್ಲ, ಪುರವಣಿಯೂ ಸೇರಿ ನೆರಳು ಒಂದಿಷ್ಟು ದಪ್ಪಗಿರುತ್ತದೆ.

ದೇವರನ್ನು ನೋಡಿಯಾದರೂ ಕಲಿಯಬಾರದೇ? ಉತ್ಸವಮೂರ್ತಿ ಪಂಚಲೋಹದ್ದು. ಸುಡುವ ಚರ್ಮವಿಲ್ಲ, ಕಪ್ಪಾಗುವ ಚಿಂತೆಯಿಲ್ಲ. ಆದರೂ ಸತ್ತಿಗೆ ಇಲ್ಲದೆ ಸ್ವಾಮಿ ಗುಡಿಯ ಹೊಸಿಲು ದಾಟುವುದಿಲ್ಲ. ಪಕ್ಕದಲ್ಲೇ ಬೋಳುತಲೆ ಮಿಂಚಿಸುತ್ತ ನಡೆಯುವ ಭಕ್ತ ಮಾತ್ರ 'ನಮಗೇನಾಗುತ್ತೆ ಬಿಡಿ' ಎನ್ನುತ್ತಾನೆ.

ಕೊಡೆ ಹೆಂಗಸರ ಸಾಮಾನು ಎನ್ನುವವರ ಮಾತು ಅರ್ಧ ನಿಜ. ಮಹಾಭಾರತದ ಅನುಶಾಸನ ಪರ್ವದಲ್ಲಿ ಕತೆಯಿದೆ. ಜಮದಗ್ನಿಗೆ ಬಾಣ ಬಿಡುವ ಆಟ, ರೇಣುಕೆಗೆ ಅದನ್ನು ಹೆಕ್ಕಿ ತರುವ ಕೆಲಸ. ಮಧ್ಯಾಹ್ನವಾಯಿತು, ತಲೆಯೂ ಕಾಲೂ ಸುಟ್ಟವು, ಪಾಪ ಮರದ ನೆರಳಲ್ಲಿ ಸ್ವಲ್ಪ ನಿಂತಳು. ತಡವಾಯಿತೇಕೆ ಎಂದು ಗಂಡ ಸಿಡುಕಿದ. ಕಾರಣ ಕೇಳಿದ್ದೇ ತಡ, ಸೂರ್ಯನ ಮೇಲೇ ಬಾಣ ಹೂಡಿದ. ಸೂರ್ಯ ಓಡಿಬಂದು ರಾಜಿ ಮಾಡಿಕೊಂಡ. ರಾಜಿಯ ಕಾಣಿಕೆ ಒಂದು ಕೊಡೆ, ಒಂದು ಜೊತೆ ಪಾದರಕ್ಷೆ. ಸವದತ್ತಿ ಗುಡ್ಡದಲ್ಲಿ ನಾವು ಉಧೋ ಉಧೋ ಎನ್ನುವ ಎಲ್ಲಮ್ಮನೇ ಈ ರೇಣುಕೆ. ಬಿಸಿಲು ಹಂಚುವವನೇ ಖುದ್ದಾಗಿ 'ಕೊಡೆ ಹಿಡಿಯಿರಿ' ಎಂದ ಮೇಲೂ ನಮ್ಮದು ಅದೇ ದಿನಪತ್ರಿಕೆ!

ಸೂರ್ಯನ ಸಂಸಾರದಲ್ಲೂ ಇದೇ ಗೋಳು. ಅವನ ಕಾವು ತಾಳಲಾರದೆ ಹೆಂಡತಿ ಸಂಜ್ಞೆ ತನ್ನ ಜಾಗದಲ್ಲಿ ಛಾಯೆಯನ್ನು ಕೂರಿಸಿ ಹೊರಟೇಹೋದಳು. ಮಾವ ವಿಶ್ವಕರ್ಮ ಅಳಿಯನನ್ನು ಸಾಣೆಗೆ ಕೊಟ್ಟು ಎಂಟರಲ್ಲಿ ಒಂದು ಪಾಲು ತೇಜಸ್ಸು ಹೆರೆದ ಎನ್ನುತ್ತದೆ ವಿಷ್ಣು ಪುರಾಣ. ಇಂದಿನ ಲೆಕ್ಕಕ್ಕೆ ಇದು ತೀರಾ ಬಡ ಸನ್‌ಸ್ಕ್ರೀನ್, ಎಸ್‌ಪಿಎಫ್ ಒಂದೂ ಚಿಲ್ಲರೆ. ಅಂಗಡಿಯ ಎಸ್‌ಪಿಎಫ್ 30ರ ಟ್ಯೂಬು ಚರ್ಮ ಸುಡುವ ಕಿರಣಗಳಲ್ಲಿ ನೂರಕ್ಕೆ ಸುಮಾರು 97 ಪಾಲನ್ನು ತಡೆಯುತ್ತದೆ, 50ರದ್ದು 98 ಪಾಲನ್ನು. ಆ ಒಂದು ಪಾಲಿಗಾಗಿ ಹೆಚ್ಚು ದುಡ್ಡು ಸುರಿಯುವವರಿದ್ದಾರೆ. ಸುರಿದವರು ಹಚ್ಚಿಕೊಳ್ಳುವುದಾದರೂ ಹೇಗೆ? ಮದುವೆಮನೆಯಲ್ಲಿ ಕೊನೆಯ ಪಂಕ್ತಿಗೆ ತುಪ್ಪ ಬಡಿಸಿದ ಹಾಗೆ! ಮುಖ, ಕತ್ತು ಎರಡಕ್ಕೂ ಸೇರಿ ಎರಡು ಬೆರಳುದ್ದ ಬೇಕು, ಎರಡು ಗಂಟೆಗೊಮ್ಮೆ ಮತ್ತೆ ಬೇಕು. ಬೆಳಿಗ್ಗೆ ಕಡಲೆಕಾಳಿನಷ್ಟು ಸವರಿ ಸಂಜೆಯವರೆಗೆ ಮೆರೆದರೆ ಡಬ್ಬಿಯ ಮೇಲಿನ ಅಂಕಿ ಡಬ್ಬಿಗೇ ಉಳಿಯುತ್ತದೆ.

ಅಷ್ಟಕ್ಕೂ ಈ ಸವರುವಿಕೆ ಯಾವ ರೋಗದ ಭಯಕ್ಕೆ? ಸ್ಕೂಟರಿನ ಮೇಲೆ ದುಪಟ್ಟಾದಲ್ಲಿ ಮುಖ ಸುತ್ತಿ ಕಣ್ಣೆರಡನ್ನೇ ಹೊರಗಿಟ್ಟು ಹೋಗುವ ಹುಡುಗಿಯನ್ನು ಕೇಳಿ. ಅವಳಮ್ಮ ಕ್ಯಾನ್ಸರಿನ ಮಾತು ಎತ್ತಿರುವುದಿಲ್ಲ, 'ಕಪ್ಪಗಾಗ್ತೀಯ, ಗಂಡು ಸಿಗಲ್ಲ' ಎಂದಿರುತ್ತಾಳೆ. ತಮಾಷೆ ಏನೆಂದರೆ ಆ ಕಪ್ಪೇ ಮೆಲನಿನ್, ಚರ್ಮ ತಾನೇ ಹಿಡಿದುಕೊಂಡ ಕೊಡೆ. ಚರ್ಮದ ಕ್ಯಾನ್ಸರು ಬಿಳಿಯರಿಗಿಂತ ನಮಗೆ ಬಹಳ ಕಡಿಮೆ ಬರುವುದು ಅದರ ದಯೆಯಿಂದಲೇ. ನಾವೋ, ಆ ಕೊಡೆ ಕಿತ್ತುಹಾಕುವ ಬಿಳುಪಿನ ಕ್ರೀಮಿಗೆ ಸಾಲುಗಟ್ಟಿ ನಿಲ್ಲುತ್ತೇವೆ.

ಬಿಳಿಚರ್ಮದ ಪಾಡು ತಿಳಿಯಲು ಆಸ್ಟ್ರೇಲಿಯಾಕ್ಕೆ ಹೋಗಬೇಕು. ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನಲ್ಲಿ ಜಗತ್ತಿನ ಮುಂಚೂಣಿಯ ದೇಶ ಅದು. 1981ರಲ್ಲಿ ಅಲ್ಲಿನ ಟೀವಿಯಲ್ಲಿ ಸಿಡ್ ಎಂಬ ಕಡಲಹಕ್ಕಿ ಕುಣಿಕುಣಿದು ಅಂಗಿ ತೊಡಿ, ಕ್ರೀಮು ಬಳಿಯಿರಿ, ಟೊಪ್ಪಿ ಇಡಿ ಎಂದು ಹಾಡಿತು. ಇವತ್ತಿಗೂ ಅಲ್ಲಿನ ಶಾಲೆಗಳಲ್ಲಿ ಟೊಪ್ಪಿ ಇಲ್ಲದಿದ್ದರೆ ಆಟವಿಲ್ಲ. ಮೆಲ್ಬರ್ನಿನ ಕನ್ನಡ ಮಕ್ಕಳೂ ಟೊಪ್ಪಿ ಮರೆತರೆ ನೆರಳಲ್ಲೇ ಕೂರಬೇಕು.

ಹಾಗಾದರೆ ನಾವು ಬಚಾವು ಎಂದು ಬೀಗಬೇಡಿ. ಹೊಲ, ರಸ್ತೆ, ಕಟ್ಟಡಗಳಲ್ಲಿ ದಿನವಿಡೀ ದುಡಿಯುವವರ ಚರ್ಮ ವರ್ಷಗಟ್ಟಲೆ ಬಿಸಿಲಿನ ಲೆಕ್ಕ ಬರೆದಿಟ್ಟುಕೊಳ್ಳುತ್ತದೆ. ಹುಟ್ಟಿನಿಂದಲೇ ಮೆಲನಿನ್ ಇಲ್ಲದವರಿಗಂತೂ ಅಪಾಯ ಇನ್ನೂ ಹೆಚ್ಚು. ಉಳಿದವರಿಗೆ ಸುಕ್ಕು, ಬಂಗು, ಕಣ್ಣಿನ ಪೊರೆ ಕಾದೇ ಇರುತ್ತವೆ. ರಾಯಚೂರಿನವರು ಬಿಸಿಲಿನ ಮರ್ಯಾದೆ ತಿಳಿದು ತಲೆಗೆ ವಲ್ಲಿ ಸುತ್ತುತ್ತಾರೆ. ಮೋಸಹೋಗುವವರು ನಾವು, ಬೆಂಗಳೂರಿನವರು. 'ನಮ್ಮೂರು ತಂಪು' ಅಂತೆ! ತಂಗಾಳಿ ಶಾಖವನ್ನು ಒಯ್ಯುತ್ತದೆ, ಅತಿನೇರಳೆ ಕಿರಣವನ್ನು ಒಯ್ಯುವುದಿಲ್ಲ. ಈ ಊರು ಸುಮಾರು 900 ಮೀಟರ್ ಎತ್ತರದಲ್ಲಿ ಕೂತಿರುವುದರಿಂದ ಕಿರಣ ಒಂದು ಕೈ ಹೆಚ್ಚೇ. ತೆಳುಮೋಡ ಅದನ್ನು ತಡೆಯದು, ಕಾರಿನ ಪಕ್ಕದ ಗಾಜು ಅದರ ಒಂದು ಭಾಗವನ್ನು ಧಾರಾಳವಾಗಿ ಒಳಗೆ ಕರೆಯುತ್ತದೆ. ಆ್ಯಪು, ಮೀಟರು ಬೇಡ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದೆಯೇ ನೋಡಿ. ಗಿಡ್ಡವಾಗಿದ್ದರೆ ಕಿರಣ ಜೋರಾಗಿದೆ, ಮರವನ್ನೋ ಮಾಡನ್ನೋ ಹುಡುಕಿ. ಕೊಡೆ, ಟೊಪ್ಪಿ, ತುಂಬುತೋಳಿನ ಅಂಗಿ ಮೊದಲು. ಕ್ರೀಮು ಆಮೇಲೆ.

ಇನ್ನೊಂದು ಮಾತು, ಇದರಲ್ಲಿ ತಮಾಷೆಯಿಲ್ಲ. ಕಂದು ಚರ್ಮದವರಲ್ಲಿ ಮೆಲನೋಮ ಹೆಚ್ಚಾಗಿ ಅಡಗುವುದು ಬಿಸಿಲು ಕಾಣದ ಅಂಗಾಲು, ಅಂಗೈ, ಉಗುರಿನಡಿಗಳಲ್ಲಿ. ಗಾಯಕ ಬಾಬ್ ಮಾರ್ಲಿಗೆ ಅದು ಕಾಲ್ಬೆರಳಿನಲ್ಲಿ ಬಂತು. ಕಡಲಹಕ್ಕಿ ಹಾಡಿದ ಆ 1981ರಲ್ಲೇ, 36ನೇ ವಯಸ್ಸಿಗೆ ಆತ ತೀರಿಕೊಂಡ. ಇಲ್ಲಿ ಕೊಡೆಯೂ ಕ್ರೀಮೂ ನಿಷ್ಪ್ರಯೋಜಕ, ಕಣ್ಣೇ ಕಾವಲು. ವಾರಗಟ್ಟಲೆ ಮಾಯದ ಹುಣ್ಣು, ಅಂಚು ಒಡೆದು ಬಣ್ಣ ಬದಲಿಸುವ ಮಚ್ಚೆ, ಉಗುರಿನಲ್ಲಿ ಹೊಸದಾಗಿ ಎದ್ದ ಕಪ್ಪು ಗೆರೆ ಕಂಡರೆ ಸುಮ್ಮನಿರಬೇಡಿ. ಅಂಗಾಲಿನ ಮಚ್ಚೆಗೆ ದೂರ ಪ್ರಯಾಣದ ಯೋಗವಿದೆ ಎನ್ನುತ್ತಾರೆ ಮಚ್ಚೆಯ ಫಲ ಹೇಳುವವರು. ಇರಲಿ. ಹೊಸದಾಗಿ ಮೂಡಿ ಬೆಳೆಯುತ್ತಿದ್ದರೆ ಆ ಪ್ರಯಾಣದ ಮೊದಲ ನಿಲ್ದಾಣ ಚರ್ಮದ ಡಾಕ್ಟರ ಕೋಣೆಯಾಗಲಿ.