ಕುಂಡಮೀಮಾಂಸೆ ಅಥವಾ ಎರಡು ಬೆಡ್‌ರೂಮಿನ ಮನೆಯಲ್ಲಿ ಸಸ್ಯಸ್ಥಾನ ನಿರ್ಣಯ

ಪೀಠಿಕೆ

ಗಿಡವನ್ನು ಮನೆಯೊಳಗೆ ಎಲ್ಲಿಡಬೇಕು ಎಂಬ ಗಹನವಾದ ಪ್ರಶ್ನೆಯನ್ನು ನಮ್ಮ ಪೂರ್ವಸೂರಿಗಳು ಕೈಗೆತ್ತಿಕೊಂಡ ಹಾಗೆ ಕಾಣುವುದಿಲ್ಲ. 1025ರ ಸುಮಾರಿಗೆ ಎರಡನೆಯ ಚಾವುಂಡರಾಯ ‘ಲೋಕೋಪಕಾರ’ ಬರೆದಾಗ ನೆಲದಡಿಯ ನೀರಿನ ಗುರುತು ಹೇಳಿದ, ಅಡುಗೆ ಹೇಳಿದ, ವೃಕ್ಷಾಯುರ್ವೇದಕ್ಕೂ ಜಾಗ ಕೊಟ್ಟ. ಮೂರನೇ ಮಹಡಿಯಲ್ಲಿ ವಾಷಿಂಗ್ ಮೆಷಿನ್ನಿಗೂ ಗ್ಯಾಸ್ ಸಿಲಿಂಡರಿಗೂ ನಡುವೆ ಉಳಿದ ಒಂದೂವರೆ ಅಡಿಯಲ್ಲಿ ಅರೇಕಾ ಪಾಮ್ ನಿಲ್ಲಿಸುವುದು ಹೇಗೆಂದು ಮಾತ್ರ ಹೇಳದೆ ಹೋದ. ತಪ್ಪು ಅವನದಲ್ಲ. ಅವನ ಕಾಲಕ್ಕೆ ಗಿಡ ಹೊರಗಿತ್ತು, ಮನುಷ್ಯ ಒಳಗಿದ್ದ, ಇಬ್ಬರ ನಡುವೆ ಒಂದು ಹೊಸ್ತಿಲಿತ್ತು.

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ಹುಟ್ಟಬೇಕಾದರೆ ಮೊದಲು ಹಿತ್ತಲಿರಬೇಕು, ಅದರಲ್ಲೊಂದು ಗಿಡವಿರಬೇಕು, ಅದನ್ನು ಕಡೆಗಣಿಸುವಷ್ಟು ದೂರದಲ್ಲಿ ನಾವಿರಬೇಕು. ಫ್ಲಾಟಿನಲ್ಲಿ ಮೂರೂ ಸಾಧ್ಯವಿಲ್ಲ. ಇಲ್ಲಿ ದೊಡ್ಡಪತ್ರೆ ಟಿವಿಯ ಮಗ್ಗುಲಲ್ಲೇ ಕೂತಿರುವುದರಿಂದ ನಾವು ಅದನ್ನು ಕಡೆಗಣಿಸಲಾರೆವು. ಹೆಚ್ಚೆಂದರೆ ಅದು ನಮ್ಮನ್ನು ಕಡೆಗಣಿಸಬಹುದು. ಈ ಬದಲಾದ ಸಂಬಂಧವನ್ನು ಶಾಸ್ತ್ರೀಯವಾಗಿ ಪರಾಮರ್ಶಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಕ್ಷೇತ್ರ ಪರಿಚಯ

ಅಧ್ಯಯನಕ್ಕೆ ಆರಿಸಿಕೊಂಡ ಕ್ಷೇತ್ರ ಬೆಂಗಳೂರಿನ ದಕ್ಷಿಣ ಭಾಗದ ಒಂದು ಅಪಾರ್ಟ್‌ಮೆಂಟು. ಅದನ್ನೇ ಆರಿಸಲು ಕಾರಣ, ಸಂಶೋಧಕನ ಸಾಲದ ಕಂತು ಅಲ್ಲಿಗೇ ಹೋಗುತ್ತಿರುವುದು. ಕ್ರಯಪತ್ರದ ಪ್ರಕಾರ ವಿಸ್ತೀರ್ಣ 1,050 ಚದರಡಿ. ಟೇಪು ಹಿಡಿದರೆ 650. ಉಳಿದ 400 ಚದರಡಿ ಲಿಫ್ಟು, ಮೆಟ್ಟಿಲು, ಲಾಬಿಗಳಲ್ಲಿ ನಿರ್ಗುಣ ನಿರಾಕಾರವಾಗಿ ವ್ಯಾಪಿಸಿದೆ ಎಂದು ಕಟ್ಟಿಸಿದವರು ವಾದಿಸುತ್ತಾರೆ. ಈ ನಿರಾಕಾರದಲ್ಲಿ ಒಂದೇ ಒಂದು ಸಾಕಾರ ಕುಂಡ ಇಡಲು ಹೋದರೆ ಅಸೋಸಿಯೇಷನ್ನಿನ ಸುತ್ತೋಲೆ ಬರುತ್ತದೆ. ಈ ವಿಷಯ ಮುಂದೆ ತುಳಸೀಪ್ರಕರಣದಲ್ಲಿ ಬರಲಿದೆ.

ಮಾನವ ಜನಸಂಖ್ಯೆ ನಾಲ್ಕು: ಸಂಶೋಧಕ, ಹೆಂಡತಿ, ಕಾಲೇಜಿಗೆ ಹೋಗುವ ಮಗಳು, ಮತ್ತು ತೀರ್ಥಹಳ್ಳಿ ಕಡೆಯಿಂದ ಬಂದು ಆರು ತಿಂಗಳಾದರೂ ‘ನಾಲ್ಕು ದಿನ ಇದ್ದು ಹೋಗ್ತೆ’ ಎನ್ನುತ್ತಿರುವ ಅಮ್ಮ. ಸಸ್ಯ ಜನಸಂಖ್ಯೆ ಪ್ರಬಂಧ ಆರಂಭಿಸಿದಾಗ 9. ಈ ವಾಕ್ಯ ಬರೆಯುವ ಹೊತ್ತಿಗೆ 31. ಲಾಲ್‌ಬಾಗಿನಲ್ಲಿ ಗಣರಾಜ್ಯೋತ್ಸವಕ್ಕೊಂದು, ಸ್ವಾತಂತ್ರ್ಯ ದಿನಕ್ಕೊಂದು ಫಲಪುಷ್ಪ ಪ್ರದರ್ಶನ ನಡೆಯುತ್ತದೆ. ನಮ್ಮ ಮನೆಯ ಜನಸಂಖ್ಯಾ ನಕ್ಷೆಯಲ್ಲಿ ವರ್ಷಕ್ಕೆ ಎರಡು ಗುಡ್ಡಗಳೇಳುವುದೂ ಸರಿಯಾಗಿ ಅದೇ ದಿನಗಳಲ್ಲಿ. ದೇಶಪ್ರೇಮಕ್ಕೂ ಕುಂಡಕ್ಕೂ ಕಾರ್ಯಕಾರಣ ಸಂಬಂಧವಿದೆಯೇ ಎಂಬುದು ಪ್ರತ್ಯೇಕ ಪಿಎಚ್‌ಡಿಗೆ ಅರ್ಹವಾದ ವಸ್ತು.

ಪೂರ್ವಪಕ್ಷ ಮತ್ತು ಖಂಡನೆ

‘ಗಿಡ ಗಾಳಿಯನ್ನು ಶುದ್ಧಗೊಳಿಸುತ್ತದೆ, ಆದಕಾರಣ ಅದಕ್ಕೆ ಜಾಗ ಕೊಡತಕ್ಕದ್ದು’ ಎಂಬುದು ಮಗಳ ಪಕ್ಷ. ಅವಳು ಮುಂದಿಡುವ ಪ್ರಮಾಣ 1989ರ ನಾಸಾ ವರದಿ. ಆ ಪ್ರಯೋಗ ನಡೆದದ್ದು ಗಾಳಿ ಹೊರಹೋಗದ ಮುಚ್ಚಿದ ಪೆಟ್ಟಿಗೆಗಳಲ್ಲಿ. ನಮ್ಮ ಮನೆ ಅಂಥದ್ದಲ್ಲ. ಕೆಳಗಿನವರು ಒಗ್ಗರಣೆಗೆ ಇಂಗು ಹಾಕಿದರೋ ಬೆಳ್ಳುಳ್ಳಿ ಹಾಕಿದರೋ ನಮ್ಮ ಹಾಲಿನಲ್ಲೇ ತಿಳಿಯುತ್ತದೆ. 2019ರಲ್ಲಿ ಅಮೆರಿಕದ ಇಬ್ಬರು ವಿಜ್ಞಾನಿಗಳು ಇಂಥ ಹಳೆಯ ಪ್ರಯೋಗಗಳನ್ನೆಲ್ಲ ಮತ್ತೆ ಲೆಕ್ಕ ಹಾಕಿ, ಕಿಟಕಿ ಸಂದಿಗಳಲ್ಲಿ ತಾನಾಗಿಯೇ ಆಡುವ ಗಾಳಿ ಮಾಡುವಷ್ಟು ಕೆಲಸವನ್ನು ಗಿಡಗಳಿಂದ ಮಾಡಿಸಬೇಕಾದರೆ ನೆಲದ ಪ್ರತಿ ಚದರ ಮೀಟರಿಗೆ 10ರಿಂದ 1,000 ಗಿಡ ಬೇಕೆಂದು ತೋರಿಸಿದರು. 650 ಚದರಡಿ ಎಂದರೆ 60 ಚದರ ಮೀಟರು. ಕನಿಷ್ಠ 600 ಗಿಡ, ಗರಿಷ್ಠ 60,000.

ಈ ಖಂಡನೆಯನ್ನು ರಾತ್ರಿ ಊಟದ ಹೊತ್ತಿಗೆ ಸಭೆಯ ಮುಂದಿಟ್ಟದ್ದು ಸಂಶೋಧಕನ ಬದುಕಿನ ಅತಿ ದೊಡ್ಡ ವಿಧಾನದೋಷ. ಹೆಂಡತಿ ಸಾರು ಬಡಿಸುತ್ತಿದ್ದ ಸೌಟನ್ನು ತಡೆದು, ಬೆರಳಲ್ಲಿ ಲೆಕ್ಕ ಹಾಕಿ ಹೇಳಿದಳು:

“ಹಾಗಾದ್ರೆ ಇನ್ನೂ 569 ತರಬಹುದಲ್ಲ ರೀ!”

ಜ್ಯೋತಿಪ್ರಕರಣ

ಕುಂಡಕ್ಕೆ ಬೇಕಾದದ್ದು ಜಾಗ ಎಂದು ಪಾಮರರು ತಿಳಿದಿದ್ದಾರೆ. ಬೇಕಾದದ್ದು ಬೆಳಕು. ಈ ವಿಷಯದಲ್ಲಿ ಕಣ್ಣಿನಂಥ ಸುಳ್ಳುಗಾರ ಇನ್ನೊಬ್ಬನಿಲ್ಲ. ನಡುಮಧ್ಯಾಹ್ನ ಬಯಲಲ್ಲಿ ಬೀಳುವ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಮನೆಯೊಳಗೆ ಕಿಟಕಿಯಿಂದ ನಾಲ್ಕು ಹೆಜ್ಜೆ ಸರಿದರೆ ಸಾಮಾನ್ಯವಾಗಿ ಸಿಗುವುದು ಕೆಲವು ನೂರು. ಪಾಪೆ ಹಿಗ್ಗಿಸಿಕೊಂಡು ಕಣ್ಣು ‘ಎಷ್ಟು ಬೆಳಕಾಗಿದೆ ಮನೆ’ ಎಂದು ಸಮಾಧಾನ ಮಾಡುತ್ತದೆ. ಎಲೆಗೆ ಪಾಪೆಯಿಲ್ಲ, ಅದು ಹಸಿದೇ ಇರುತ್ತದೆ.

ಸಂಶೋಧಕನು ಫೋನಿನಲ್ಲಿ ಬೆಳಕು ಅಳೆಯುವ ಆ್ಯಪ್ ಹಾಕಿಕೊಂಡು ಬೆಳಗ್ಗೆ ಹತ್ತಕ್ಕೆ ಮನೆಯನ್ನು ಸುತ್ತಿದ. ಷೋಕೇಸಿನ ಪಕ್ಕ 35. ಟಿವಿಯ ಮಗ್ಗುಲು 60. ಊಟದ ಮೇಜು 110. ಹಾಲಿನ ಪೂರ್ವದ ಕಿಟಕಿಯ ಕೆಳಗೆ 1,600. ಬಾಲ್ಕನಿಯಲ್ಲಿ ಬೆಳಕು ಧಾರಾಳವಾಗಿದೆ, ಆದರೆ ಅಲ್ಲಿ ಬಟ್ಟೆ ಒಣಹಾಕುವ ಸ್ಟ್ಯಾಂಡು, ಮೇಲೆ ಹೇಳಿದ ಮೆಷಿನ್ನು, ಸಿಲಿಂಡರು, ಮತ್ತು ತೂಕ ಇಳಿಸಲೆಂದು ಕೊಂಡು ಸದ್ಯ ಟವೆಲ್ಲಿನ ಭಾರ ಹೊರುತ್ತಿರುವ ಒಂದು ಸೈಕಲ್ಲು ಇವೆ. ಈ ದತ್ತಾಂಶದಿಂದ ಹೊರಟ ಸೂತ್ರಗಳು ಇವು.

ಜಾಗವಿದ್ದಲ್ಲಿ ಬೆಳಕಿಲ್ಲ.
ಬೆಳಕಿದ್ದಲ್ಲಿ ಜಾಗವಿಲ್ಲ.
ಎರಡೂ ಇದ್ದಲ್ಲಿ ಗಂಡ ಪೇಪರ್ ಓದುತ್ತಿರುತ್ತಾನೆ.

ಮೂರನೆಯ ಸೂತ್ರ ಮೂಲದ್ದಲ್ಲ. ಕರಡನ್ನು ಮೇಜಿನ ಮೇಲೆ ಬಿಟ್ಟು ಸ್ನಾನಕ್ಕೆ ಹೋಗಿದ್ದಾಗ ಬೇರೆ ಅಕ್ಷರದಲ್ಲಿ ಸೇರಿಕೊಂಡ ಪ್ರಕ್ಷಿಪ್ತ. ಗ್ರಂಥಸಂಪಾದನೆಯ ನಿಯಮದಂತೆ ಅದನ್ನು ಕೈಬಿಡಬೇಕಿತ್ತು. ಲಿಪಿಕಾರರು ಮನೆಸಾಲದ ಅರ್ಧ ಕಂತು ಕಟ್ಟುವವರಾದ್ದರಿಂದ ಉಳಿಸಿಕೊಳ್ಳಲಾಗಿದೆ.

ಕುಲಗೋತ್ರ ವಿಚಾರ

ಮೊದಲು ಅರೇಕಾ. ಪಶ್ಚಿಮ ಕರಾವಳಿಯ ಅಡಿಕೆ, ಅಡಕ್ಕ ಎಂಬ ಮಾತು ಪೋರ್ಚುಗೀಸರ ಬಾಯಿಗೆ ಬಿದ್ದು ಅರೇಕಾ ಆಯಿತು. ಆ ಹೆಸರು ಲೋಕವೆಲ್ಲ ಸುತ್ತಿ, ಮಡಗಾಸ್ಕರಿನ ಬೇರೊಂದು ತಾಳೆಗೆ ಅಂಟಿಕೊಂಡು, ನರ್ಸರಿಯವನ ಗಾಡಿ ಹತ್ತಿ ನಮ್ಮ ಬಾಗಿಲಿಗೆ ವಾಪಸು ಬಂದಿದೆ. ಅಂದರೆ ಹೆಸರು ನಮ್ಮದು, ಗಿಡ ಅವರದು, ದುಡ್ಡು ಮತ್ತೆ ನಮ್ಮದು. ಎರಡೆಕರೆ ಅಡಿಕೆ ತೋಟವನ್ನು ಮೈದುನನ ಸುಪರ್ದಿಗೆ ಬಿಟ್ಟು ಬಂದ ಅಮ್ಮ ಅದನ್ನು ಸುತ್ತುಹಾಕಿ ನೋಡಿದಳು.

“ಇದು ಕಾಯಿ ಬಿಡ್ತದನಾ?”
“ಇಲ್ಲ ಅಮ್ಮ.”
“ಹಾಳೆ ಬೀಳ್ತದಾ?”
“ಬೀಳಲ್ಲ.”
“ಮತ್ತೆಂಥಕ್ಕೆ ಮಾರಾಯ?”

ಈ ಪ್ರಶ್ನೆಗೆ ಆಧುನಿಕ ಸೌಂದರ್ಯಶಾಸ್ತ್ರದಲ್ಲಿ ಉತ್ತರವಿದೆಯಾದರೂ ಅಮ್ಮನ ಮುಂದೆ ಹೇಳುವಂಥ ಉತ್ತರವಿಲ್ಲ.

ಎರಡನೆಯದು ಸ್ನೇಕ್ ಪ್ಲಾಂಟ್. ಕತ್ತಲಲ್ಲೂ ತಿಂಗಳುಗಟ್ಟಲೆ ನೀರಿಲ್ಲದೆಯೂ ಜೀವ ಹಿಡಿದಿರುತ್ತದೆ. ಆಂಗ್ಲರು ಇದನ್ನು ‘ಅತ್ತೆಯ ನಾಲಿಗೆ’ ಎನ್ನುತ್ತಾರೆಂದು ಮಗಳು ಚೀಟಿ ನೋಡಿ ಗಟ್ಟಿಯಾಗಿ ಓದಿದಳು. ಅಡುಗೆಮನೆಯಲ್ಲಿ ಅತ್ತೆ ಸೊಸೆ ಇಬ್ಬರ ಪಾತ್ರೆಯ ಸದ್ದೂ ಒಮ್ಮೆಗೇ ನಿಂತಿತು. ಸಸ್ಯಶಾಸ್ತ್ರಜ್ಞರು ಈಚೆಗೆ ಇದನ್ನು ಸಾನ್ಸೆವೇರಿಯಾ ಕುಲದಿಂದ ತೆಗೆದು ಡ್ರಸೀನಾ ಕುಲಕ್ಕೆ ಸೇರಿಸಿದ್ದಾರೆ, ಆ ಹೆಸರಿನಿಂದಲೇ ಕರೆಯೋಣ ಎಂದು ಸಂಶೋಧಕ ಅವಸರದಿಂದ ನಿವೇದಿಸಿದ. “ಗೋತ್ರ ಬದಲಾದ್ರೂ ಅಡ್ಡಹೆಸರು ಹೋಗಲ್ಲ, ಬಿಡಿ” ಎಂದಳು ಹೆಂಡತಿ. ಮದುವೆಯಾದವರಿಗೆ ಈ ವಿಷಯದಲ್ಲಿರುವ ಪ್ರತ್ಯಕ್ಷಜ್ಞಾನ ವರ್ಗೀಕರಣ ಶಾಸ್ತ್ರಜ್ಞರಿಗಿಲ್ಲ.

ಇನ್ನು ಮನಿಪ್ಲಾಂಟ್. ಕದ್ದು ತಂದರೆ ಚೆನ್ನಾಗಿ ಬರುತ್ತದೆ ಎಂಬ ನಂಬಿಕೆಯನ್ನು ಮೂಢನಂಬಿಕೆಯೆಂದು ತಳ್ಳಿಹಾಕುವ ಮುನ್ನ ಕೆಲವು ಸಂಗತಿಗಳನ್ನು ಪರಿಶೀಲಿಸಬೇಕು. ಇದರ ತವರು ಶಾಂತಸಾಗರದ ಮೊರೆಯಾ ಎಂಬ ಪುಟ್ಟ ದ್ವೀಪ. ಸಾಕಿದ ಮನೆಗಳಲ್ಲಿ ಇದು ಹೂ ಬಿಡುವುದಿಲ್ಲವೆಂದೇ ಹೇಳಬೇಕು. ಹೂವಿಗೆ ಬೇಕಾದ ಜಿಬ್ಬರೆಲಿನ್ ಎಂಬ ಹಾರ್ಮೋನನ್ನು ತಯಾರಿಸಿಕೊಳ್ಳಲಾಗದ ಅನುವಂಶಿಕ ದೋಷವೇ ಇದಕ್ಕೆ ಕಾರಣವೆಂದು 2016ರಲ್ಲಿ ಗೊತ್ತಾಯಿತು. ಹೂವಿಲ್ಲ, ಕಾಯಿಲ್ಲ, ಬೀಜವಿಲ್ಲ. ಹರಡುವುದಕ್ಕೆ ಇರುವ ದಾರಿ ತುಂಡು ಮಾಡಿ ನೆಡುವುದು. ಆದ್ದರಿಂದ ಮನೆಗಳಲ್ಲಿರುವ ಅಷ್ಟೂ ಮನಿಪ್ಲಾಂಟುಗಳು ಒಂದಲ್ಲ ಒಂದು ಕಾಲದಲ್ಲಿ ಬೇರೆ ಯಾರದೋ ಗಿಡದ ತುಂಡು. ಅದು ದಾನವೋ ಕಳವೋ ಎಂಬುದು, ಚಿವುಟುವಾಗ ಯಜಮಾನರು ಊರಲ್ಲಿದ್ದರೇ ಎಂಬುದನ್ನು ಅವಲಂಬಿಸಿದೆ. ನಮ್ಮ ಮನೆಯದು ಎದುರು ಬ್ಲಾಕಿನವರು ತಿರುಪತಿಗೆ ಹೋಗಿದ್ದಾಗ ಬಂದದ್ದು. ನಮ್ಮದರ ಒಂದು ಕುಡಿ ಈಗ ನಾಲ್ಕನೇ ಮಹಡಿಯ ಕಿಟಕಿಯಲ್ಲಿ ಇಣುಕುತ್ತಿದೆ. ಆಗ ನಾವು ಧರ್ಮಸ್ಥಳದಲ್ಲಿದ್ದೆವು. ಪುಣ್ಯಕ್ಷೇತ್ರ ಯಾತ್ರೆಗೂ ಈ ಬಳ್ಳಿಯ ಪ್ರಸರಣಕ್ಕೂ ಇರುವ ನಂಟು ಇಷ್ಟು ಸ್ಪಷ್ಟವಿದ್ದರೂ ವಿದ್ವಾಂಸರ ಗಮನ ಇತ್ತ ಹರಿದಿಲ್ಲ.

ಮರ ಸಿಕ್ಕಿದರೆ ಇದೇ ಬಳ್ಳಿ ಮೇಲೆ ಹತ್ತಿ, ಎಲೆಯನ್ನು ಬಾಳೆಯ ಕುಡಿಯಷ್ಟು ದೊಡ್ಡದು ಮಾಡಿಕೊಳ್ಳುತ್ತದೆ, ಅಂಚು ಸೀಳುತ್ತದೆ. ಫ್ರಿಜ್ಜಿನ ಮೇಲಿನ ಜಾಮ್ ಬಾಟಲಿಯಲ್ಲಿ ಮಾತ್ರ ಬಾಲ್ಯದಲ್ಲೇ ಉಳಿದುಬಿಡುತ್ತದೆ. ಬಾಡಿಗೆ ಮನೆಯಲ್ಲಿ ಮೊಳೆ ಹೊಡೆಯಲು ಬಿಡದಿದ್ದರೆ ಮನುಷ್ಯರೂ ಹೀಗೇ.

ಜಲಪ್ರಕರಣ

ಕುಂಡದ ಗಿಡಗಳು ಸಾಯುವುದು ಬಾಯಾರಿಕೆಯಿಂದಲ್ಲ, ಪ್ರೀತಿಯಿಂದ. ದಿನಾ ನೀರು ಹಾಕಿದರೆ ಮಣ್ಣಿನ ಸಂದುಗಳಲ್ಲಿ ಗಾಳಿ ಉಳಿಯದೆ ಬೇರು ಕೊಳೆಯುತ್ತದೆ. ಬೇರು ಕೊಳೆತ ಗಿಡಕ್ಕೆ ನೀರೇರದೆ ಎಲೆ ಜೋಲುತ್ತದೆ, ಜೋತ ಎಲೆ ಕಂಡು ಮನೆಯವರು ‘ಅಯ್ಯೋ ಪಾಪ’ ಎಂದು ಇನ್ನೊಂದು ಚೊಂಬು ಹಾಕುತ್ತಾರೆ. ನಮ್ಮಲ್ಲಿ ನಾಲ್ವರೂ ಪರಸ್ಪರ ತಿಳಿಸದೆ ಒಂದೇ ಆಂಥೂರಿಯಮ್ಮಿಗೆ ಪ್ರೀತಿ ತೋರಿಸಿ ಅದನ್ನು ಒಂದು ತಿಂಗಳಲ್ಲಿ ಸ್ವರ್ಗಕ್ಕೆ ಕಳಿಸಿದ್ದೇವೆ.

2024ರ ಮಾರ್ಚಿನಲ್ಲಿ ಬೆಂಗಳೂರಿಗೆ ನೀರಿನ ಬರ ಬಂದಾಗ ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶಿಸಿತು. ಆಗ ಅಮ್ಮ ಊರಿಂದ ಫೋನಿನಲ್ಲಿ ಅಕ್ಕಚ್ಚಿನ ಉಪಾಯ ಹೇಳಿಕೊಟ್ಟಳು. ಊರಲ್ಲಿ ಅಕ್ಕಿ ತೊಳೆದ ನೀರು ದನಕ್ಕೆ. ಇಲ್ಲಿ ದನವಿಲ್ಲದ್ದರಿಂದ ಅರೇಕಾಕ್ಕೆ. ಆ ಬೇಸಿಗೆಯಲ್ಲಿ ಗಿಡಗಳು ಎಂದಿಗಿಂತ ಚೆನ್ನಾಗಿದ್ದವು. ಅಕ್ಕಚ್ಚಿನ ಮಹಿಮೆಯೆಂದು ಅಮ್ಮ ಈಗಲೂ ಹೇಳುತ್ತಾಳೆ. ನೀರು ಕಡಿಮೆಯಾದದ್ದರ ಮಹಿಮೆಯೆಂದು ಸಂಶೋಧಕನ ಊಹೆ. ಪ್ರಕಟಿಸುವ ಧೈರ್ಯವಿರಲಿಲ್ಲ, ಇಲ್ಲಿ ಪ್ರಕಟಿಸುತ್ತಿದ್ದೇನೆ.

ಬಾಟಲಿಯ ಮನಿಪ್ಲಾಂಟಿನದು ಬೇರೆ ಕಥೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬರಲು ಎಂಟು ಹತ್ತು ದಿನ ಸಾಕು, ಹಾಗಾಗಿ ವಾರಕ್ಕೊಮ್ಮೆ ನೀರು ಬದಲಿಸಬೇಕು. ಟಾರ್ಚು ಹಿಡಿದು ಬಂದ ಆರೋಗ್ಯ ಕಾರ್ಯಕರ್ತೆ ಕೇಳಿದಾಗ, ನಮ್ಮ ಬಾಟಲಿಯ ನೀರು ಕಳೆದ ಲೋಕಸಭಾ ಚುನಾವಣೆಯ ಕಾಲದ್ದೆಂದು ಸಾಬೀತಾಯಿತು.

ತುಳಸೀಪ್ರಕರಣ

ಕಾರಿಡಾರಿನಲ್ಲಿ ಯಾವ ವಸ್ತುವನ್ನೂ ಇಡಕೂಡದೆಂಬ ಸುತ್ತೋಲೆಯನ್ನು ಮೊದಲೇ ಉಲ್ಲೇಖಿಸಿದೆ. ಬೆಂಕಿ ಬಿದ್ದಾಗ ದಾರಿ ತೆರವಿರಬೇಕು ಎಂಬ ಅದರ ಕಾರಣ ನ್ಯಾಯವಾದದ್ದೇ. ಆದರೆ ಸುತ್ತೋಲೆ ಬರೆದ ಕಾರ್ಯದರ್ಶಿಗಳು ತುಳಸಿಯ ಬಗ್ಗೆ ಮೌನ ವಹಿಸಿದ್ದರು. ಅಮ್ಮ ಈ ಮೌನವನ್ನು ಓದಿದಳು. ಉತ್ಥಾನ ದ್ವಾದಶಿಯ ದಿನ ಬಾಗಿಲ ಹೊರಗೆ ಬೃಂದಾವನ ಇಟ್ಟು, ನೆಲ್ಲಿಯ ಕೊಂಬೆ ಸಿಕ್ಕಿಸಿ, ಕಾರ್ಯದರ್ಶಿಗಳ ಮನೆಗೇ ಮೊದಲು ಪ್ರಸಾದ ಕಳಿಸಿದಳು. ಅವರು ಚಪ್ಪಲಿ ಬಿಟ್ಟು ನಮಸ್ಕರಿಸಿ ಹೋದರು.

ಮರುವಾರ ತುಳಸಿಯ ಬಲಕ್ಕೆ ಒಂದೆಲಗ ಬಂತು, ಎಡಕ್ಕೆ ದಾಸವಾಳ. ‘ದೇವರ ಹೂವಿಗೆ’ ಎಂಬ ಒಂದೇ ಮಾತಿನ ಆಸರೆಯಲ್ಲಿ ಕನಕಾಂಬರ, ನಂದಿಬಟ್ಟಲು, ಒಂದು ಕ್ರೋಟನ್ನು. ಕ್ರೋಟನ್ನು ಯಾವ ದೇವರಿಗೆ ಏರುತ್ತದೆಂದು ಕೇಳುವ ಧೈರ್ಯ ಕಾರ್ಯದರ್ಶಿಗಳಿಗೆ ಬರಲಿಲ್ಲ. 400 ನಿರಾಕಾರ ಚದರಡಿಯಲ್ಲಿ ಆರೇಳು ಅಡಿಯನ್ನು ಹೀಗೆ ಮರಳಿ ಪಡೆಯಲಾಗಿದೆ. ಕೊನೆಗೆ ಮೆಟ್ಟಿಲ ತಿರುವಿಗೆ ಬ್ರಹ್ಮಕಮಲವನ್ನೂ ಸಾಗಿಸಲಾಯಿತು. ಅದು ಹಿಮಾಲಯದ್ದಲ್ಲ, ಮೆಕ್ಸಿಕೋ ಕಡೆಯ ಒಂದು ಕಳ್ಳಿ ಎಂಬ ಮಾತನ್ನು ಸಂಶೋಧಕ ಬಾಯಿಗೆ ತಂದ. ಆದರೆ ಅಂದು ರಾತ್ರಿ ಹನ್ನೊಂದಕ್ಕೆ ಅದು ಅರಳಿ, ಇಡೀ ಮಹಡಿಯವರು ನೈಟಿ ಲುಂಗಿಗಳಲ್ಲೇ ಬಂದು ಕೈಮುಗಿದು ನಿಂತಿದ್ದರಿಂದ ಅದೇ ಬಾಯಿಯಿಂದ ಕಾಫಿ ಕುಡಿದ.

ಸ್ಥಾನಪಲ್ಲಟ

ಆಗಸ್ಟಿನ ಪ್ರದರ್ಶನದಿಂದ ಫಿಡಲ್ ಲೀಫ್ ಫಿಗ್ ಬಂತು. ಪಶ್ಚಿಮ ಆಫ್ರಿಕಾದ ಮರ, ಆಲ ಅತ್ತಿ ಅರಳಿಗಳ ದಾಯಾದಿ.

“ಗೋಡೆಯಲ್ಲಿ ಹುಟ್ಟಿದ ಅರಳಿಯ ಕಿತ್ತು ಎಸೀತೇವೆ. ಅದರ ತಮ್ಮನ್ನ ದುಡ್ಡು ಕೊಟ್ಟು ತಂದ್ರಾ?” ಎಂದಳು ಅಮ್ಮ.

ಇದಕ್ಕೆ ಧಾರಾಳ ಬೆಳಕು ಬೇಕು, ಜಾಗ ಬದಲಿಸಿದರೆ ಮುನಿದು ಎಲೆ ಉದುರಿಸುತ್ತದೆ. ಹೆಂಡತಿ ಸಂಶೋಧಕನ ಬೆಳಕಿನ ಪಟ್ಟಿಯನ್ನೇ ತಂದು ಅವನ ಮುಂದೆ ಹಿಡಿದಳು. 1,600 ಇದ್ದದ್ದು ಒಂದೇ ಕಡೆ. ಅಲ್ಲಿ ಹದಿನಾಲ್ಕು ವರ್ಷದಿಂದ ಒಂದು ಬೆತ್ತದ ಕುರ್ಚಿಯಿತ್ತು.

“ನೀವು ಎಲ್ಲಿ ಕೂತ್ರೂ ಎಲೆ ಉದುರಿಸಲ್ಲ ರೀ” ಎಂಬ ವಾದಕ್ಕೆ ಸಂಶೋಧಕನ ಬಳಿ ಖಂಡನೆ ಇರಲಿಲ್ಲ. ಫಿಗ್ ಕಿಟಕಿಗೆ ಬಂತು. ಕುರ್ಚಿ ಷೋಕೇಸಿನ ಪಕ್ಕಕ್ಕೆ, ಅಂದರೆ 35 ಲಕ್ಸಿಗೆ ಹೋಯಿತು.

ಗಿಡ ಬೆಳಕಿನತ್ತ ವಾಲುವುದು ಸರ್ವವಿದಿತ. 1880ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಚಾರ್ಲ್ಸ್ ಡಾರ್ವಿನ್, ಮಗ ಫ್ರಾನ್ಸಿಸ್ ಜೊತೆ ಸೇರಿ ಹುಲ್ಲಿನ ಮೊಳಕೆಗಳ ತುದಿಗೆ ಬೆಳಕು ತೂರದ ಟೋಪಿ ತೊಡಿಸಿ, ಟೋಪಿ ಹಾಕಿದವು ಬಾಗುವುದಿಲ್ಲವೆಂದು ತೋರಿಸಿದ್ದಾರೆ. ನೆರಳಿನ ಬದಿಯಲ್ಲಿ ಆಕ್ಸಿನ್ ಎಂಬ ಹಾರ್ಮೋನು ಹೆಚ್ಚು ಸೇರಿ ಆ ಕಡೆಯ ಕೋಶಗಳು ಉದ್ದವಾಗುತ್ತವೆ ಎಂಬುದು ಆಮೇಲೆ ತಿಳಿದದ್ದು. ಅದಕ್ಕೇ ಹೆಂಡತಿ ಪ್ರತಿ ಭಾನುವಾರ ಫಿಗ್ಗಿನ ಕುಂಡಕ್ಕೆ ಸೀಮೆಸುಣ್ಣದ ಗುರುತು ಹಾಕಿ ಕಾಲು ಸುತ್ತು ತಿರುಗಿಸುತ್ತಾಳೆ.

ಮೂರನೆಯ ವಾರ ಮಗಳು ಒಂದು ಸಂಗತಿಯನ್ನು ದಾಖಲಿಸಿದಳು: ಪೇಪರ್ ಓದುವಾಗ ಅಪ್ಪ ಕಿಟಕಿಯ ಕಡೆಗೆ ವಾಲುತ್ತಿದ್ದಾರೆ. ಅಳತೆಗಾಗಿ ಗೋಡೆಗೆ ಪೆನ್ಸಿಲ್ ಗೀಟೂ ಹಾಕಿದಳು. ಡಾರ್ವಿನ್ನರ ಕ್ರಮದಲ್ಲಿ ಮಂಕಿಕ್ಯಾಪ್ ತೊಡಿಸಿ ನೋಡಬಹುದೆಂದು ಸೂಚಿಸಿದಳು. ಸೆಖೆಯೆಂದು ಸಂಶೋಧಕ ಒಪ್ಪಲಿಲ್ಲ. ಆದ್ದರಿಂದ ಈಗ ಭಾನುವಾರ ಫಿಗ್ಗಿನ ಕೆಲಸ ಮುಗಿದ ಮೇಲೆ ಹೆಂಡತಿ ನನ್ನ ಕುರ್ಚಿಯ ಕಾಲಿಗೂ ಸೀಮೆಸುಣ್ಣದ ಗುರುತು ಹಾಕುತ್ತಾಳೆ. ಈ ವಾರ ನನ್ನ ಮುಖ ಗೋಡೆಗಿದೆ.