ಸೋಮವಾರದ ಕೆಂಪು ಬೀನ್ಸ್‌ಗೆ ಯಾವ ಕಾಳು?

ಬೀನ್ಸ್ ತರೋಕೆ ಹೊರಟ್ಯಾಮ್ಮ? ಹಾಗಾದ್ರೆ ಒಂದು ನಿಮಿಷ ಬೇಲಿ ಹತ್ರ ಬಾ. ನ್ಯೂ ಓರ್ಲಿಯನ್ಸ್‌ಗೆ ಬಂದ ಮೇಲೆ ಸೋಮವಾರ ರೆಡ್ ಬೀನ್ಸ್ ಅಂಡ್ ರೈಸ್ ಮಾಡ್ಲೇಬೇಕು, ನಂಗಂತೂ ನೀನು ಕೇಳಿದ್ದೇ ಖುಷಿ. ಒಗ್ಗರಣೆಗೆ ಏನು ಹಾಕ್ಬೇಕು ಅಂತ ಈ ಬೀದೀಲಿ ಯಾರನ್ನ ಕೇಳಿದ್ರೂ ಹೇಳ್ತಾರೆ. ಈರುಳ್ಳಿ, ಸೆಲರಿ, ದಪ್ಪ ಮೆಣಸಿನಕಾಯಿ, ಆಮೇಲೆ ಬೆಳ್ಳುಳ್ಳಿ. ಕಾಳನ್ನ ಹೇಗೆ ಆರಿಸ್ಬೇಕು ಅನ್ನೋದನ್ನ ಮಾತ್ರ ಯಾರೂ ಬಿಡಿಸಿ ಹೇಳಲ್ಲ. ಅಡುಗೆ ನಿಂತಿರೋದೇ ಅದರ ಮೇಲೆ.

ಹಿಂದೆ ಇಲ್ಲಿ ಸೋಮವಾರ ಬಟ್ಟೆ ಒಗೆಯೋ ದಿನ. ಭಾನುವಾರದ ಊಟದ ಹ್ಯಾಮ್ ಮೂಳೆ ಉಳಿದಿರ್ತಿತ್ತಲ್ಲ, ಅದನ್ನ ಕಾಳಿನ ಜೊತೆ ಸಣ್ಣ ಉರೀಲಿ ಇಟ್ಟು ಹೆಂಗಸರು ಬಟ್ಟೆ ಕಡೆ ಹೋಗ್ತಿದ್ರು. ಗಂಟೆಗಟ್ಟಲೆ ಅದರ ಪಾಡಿಗೆ ಅದು ಬೇಯ್ತಿತ್ತು. ಮನೆಮನೆಗೂ ಮೆಷಿನ್ ಬಂದ್ರೂ ಸೋಮವಾರದ ಪದ್ಧತಿ ಹೋಗ್ಲಿಲ್ಲ, ಹೋಟೆಲುಗಳಲ್ಲಿ ಇವತ್ತಿಗೂ ಆ ದಿನ ಅದೇ ಸ್ಪೆಷಲ್. ಈ ಊರಲ್ಲೇ ಹುಟ್ಟಿದ ಜಾಝ್ ಸಂಗೀತಗಾರ ಲೂಯಿ ಆರ್ಮ್‌ಸ್ಟ್ರಾಂಗ್ ಕಾಗದದ ಕೊನೇಲಿ ‘ರೆಡ್ ಬೀನ್ಸ್ ಅಂಡ್ ರೈಸ್‌ಲಿ ಯುವರ್ಸ್’ ಅಂತ ಬರೆದು ರುಜು ಹಾಕ್ತಿದ್ರು. ಮಾರ್ಡಿ ಗ್ರಾ ಹಬ್ಬದ ಹಿಂದಿನ ದಿನ ನೋಡ್ಬೇಕು ನೀನು, ಬಟ್ಟೆ ತುಂಬ ಕಾಳು ಅಂಟಿಸ್ಕೊಂಡು ಮೆರವಣಿಗೆ ಹೋಗ್ತಾರೆ. ಅಷ್ಟು ಪ್ರೀತಿ ಅದರ ಮೇಲೆ.

ನಿಮ್ಮನೇಲಿ ಮಾಂಸ ಇಲ್ಲ ಅಂದ್ಯಲ್ಲ, ಅದಕ್ಕೇ ಇಷ್ಟು ಒತ್ತಿ ಹೇಳ್ತಿರೋದು. ಮೂಳೆ, ಸಾಸೇಜು ಹಾಕೋರಿಗೆ ಕಾಳು ಸುಮಾರಾಗಿದ್ರೂ ನಡೆಯುತ್ತೆ, ಹೊಗೆ ವಾಸನೆ, ಕೊಬ್ಬು ಎಲ್ಲಾನೂ ಮುಚ್ಚಿಬಿಡುತ್ತೆ. ನಿನಗೆ ರುಚಿನೂ ಕಾಳಿಂದ್ಲೇ ಬರ್ಬೇಕು, ಸಾರಿನ ಗಟ್ಟಿತನಾನೂ ಕಾಳಿಂದ್ಲೇ ಬರ್ಬೇಕು.

ಅಂಗಡೀಲಿ ಸ್ಮಾಲ್ ರೆಡ್ ಅಂತ ಸಣ್ಣ ಕಾಳು ಸಿಗುತ್ತೆ, ಕಿಡ್ನಿ ಬೀನ್ಸಲ್ಲಿ ತಿಳಿ ಕೆಂಪು, ಕಡು ಕೆಂಪು ಅಂತ ಎರಡು ಥರ. ಕಡು ಕೆಂಪು ನೋಡೋಕೆ ಚೆಂದ, ಆದ್ರೆ ಸಿಪ್ಪೆ ದಪ್ಪ, ಬೆಂದ್ರೂ ಆಕಾರ ಬಿಡಲ್ಲ. ಸಾಲಡ್‌ಗೆ ಅದೇ ಸರಿ. ನಾವು ಊರಲ್ಲಿ ಮಾಡೋ ರಾಜ್ಮಾಲೂ ಕಾಳು ಇಡಿಯಾಗಿ ಕಾಣ್ಬೇಕು ಅಂತ ನೋಡ್ತೀವಿ. ಇಲ್ಲಿ ಹಾಗಲ್ಲ. ಅರ್ಧದಷ್ಟು ಕಾಳು ಒಡೆದು, ಕರಗಿ, ನೀರನ್ನ ಕೆನೆ ಥರ ಮಾಡ್ಬೇಕು. ಸಣ್ಣ ಕಾಳಲ್ಲಿ ಮಾಡೋರೂ ಇದ್ದಾರೆ, ತಪ್ಪೇನಲ್ಲ. ನನ್ನ ಕೇಳಿದ್ರೆ ತಿಳಿ ಕೆಂಪು ಕಿಡ್ನಿ ಬೀನ್ಸೇ ತಗೋ.

ಬಣ್ಣಕ್ಕಿಂತ ಮುಖ್ಯ ಕಾಳಿನ ವಯಸ್ಸು. ಪ್ಯಾಕೆಟ್ ಮೇಲೆ ಯಾವಾಗಿನವರೆಗೆ ಬಳಸಬಹುದು ಅಂತ ಇರುತ್ತೆ, ಯಾವಾಗ ಬೆಳೆದದ್ದು ಅಂತ ಇರಲ್ಲ. ಒಣಗಿದ್ದಲ್ವಾ, ಎಷ್ಟು ವರ್ಷ ಇದ್ರೇನು ಅಂತ ಅಂದ್ಕೋಬೇಡ. ಸೆಕೆ, ತೇವ ಇರೋ ಕಡೆ ವರ್ಷಗಟ್ಟಲೆ ಕೂತ ಕಾಳಲ್ಲಿ ಒಳಗಿನ ಪೆಕ್ಟಿನ್‌ಗೂ ಕ್ಯಾಲ್ಸಿಯಂಗೂ ಬಿಗಿಯಾಗಿ ಗಂಟು ಬೀಳುತ್ತೆ. ಆಮೇಲೆ ಎಷ್ಟು ಕುದಿಸಿದ್ರೂ ಅದು ಸಡಿಲ ಆಗಲ್ಲ. ಈ ಊರಿನ ಹವೆ ಗೊತ್ತೇ ಇದೆಯಲ್ಲ. ಅದಕ್ಕೇ ಬೇಗ ಖಾಲಿಯಾಗೋ ಸರಕು ನೋಡಿ ತಗೋಬೇಕು. ಇಲ್ಲಿ ಕಮೀಲಿಯಾ ಅಂತ 1923ರ ಕಂಪನಿ ಇದೆ, ಹೂವಿನ ಹೆಸರು. ಕಿಡ್ನಿ ಬೀನ್ಸ್ ಬೆಳೆಯೋದು ದೂರದ ಮಿನ್ನೆಸೋಟ ಕಡೆ, ಆದ್ರೂ ಈ ಊರಿನವರು ಆ ಪ್ಯಾಕೆಟ್ಟನ್ನ ತಮ್ಮದು ಅಂತ್ಲೇ ಕೊಳ್ತಾರೆ. ಜನ ಮುಗಿಬಿದ್ದು ಕೊಳ್ಳೋ ಕಾಳು ಶೆಲ್ಫಲ್ಲಿ ಹಳೇದಾಗೋಕೆ ಸಮಯವೇ ಸಿಗಲ್ಲ. ಹೆಸರಿಗಿಂತ ನಂಗೆ ಅದು ಮುಖ್ಯ.

ಪ್ಯಾಕೆಟ್ಟನ್ನ ತಿರುಗಿಸಿ ತಳ ನೋಡು. ಪುಡಿ, ಒಡಕು, ಬಿಟ್ಟ ಸಿಪ್ಪೆ ಸೇರಿದ್ರೆ ವಾಪಸ್ ಇಡು. ಸೂಜಿಮೊನೆಯಷ್ಟು ತೂತು ಒಂದೇ ಕಂಡ್ರೂ ಹುಳ ಬಿದ್ದಿದೆ ಅಂತ ಅರ್ಥ. ಕಾಳು ಒಂದೇ ಗಾತ್ರ ಇರ್ಲಿ, ಹೊಳಪಿರ್ಲಿ, ಸುಕ್ಕು ಇರಬಾರದು. ಮನೆಗೆ ತಂದ್ಮೇಲೆ ಡಬ್ಬೀಲಿರೋ ಹಳೇ ಕಾಳಿನ ಮೇಲೆ ಸುರೀಬೇಡಮ್ಮ. ಹೊಸದು ಕರಗಿ ಹೋಗಿರುತ್ತೆ, ಹಳೇದು ಹಲ್ಲಿಗೆ ಸಿಗುತ್ತೆ. ಎರಡನ್ನೂ ಒಟ್ಟಿಗೆ ಹದಕ್ಕೆ ತರೋಕೆ ಯಾವ ಒಲೆಗೂ ಆಗಲ್ಲ.

ರಾತ್ರಿ ನೆನೆಸೋವಾಗ ನೀರಿಗೆ ಒಂದಿಷ್ಟು ಉಪ್ಪು ಹಾಕು. ಉಪ್ಪು ಹಾಕಿದ್ರೆ ಕಾಳು ಬೇಯಲ್ಲ ಅಂತ ನಮ್ಮಮ್ಮನ ಕಾಲದವರು ಹೇಳ್ತಿದ್ರು. ನೆನೆಸೋ ನೀರಲ್ಲಿ ಅದು ಉಲ್ಟಾ ಕೆಲಸ ಮಾಡುತ್ತೆ, ಸಿಪ್ಪೇಲಿರೋ ಕ್ಯಾಲ್ಸಿಯಂ ಬಿಟ್ಟು ಆ ಜಾಗಕ್ಕೆ ಸೋಡಿಯಂ ಬರುತ್ತೆ, ಸಿಪ್ಪೆ ಮೆತ್ತಗಾಗುತ್ತೆ. ಬೆಳಗ್ಗೆ ಒಂದು ಕಾಳು ತಗೊಂಡು ಉಗುರಲ್ಲಿ ಸೀಳಿ ನೋಡು. ನಡುವೆ ಬೆಳ್ಳಗೆ ಸುಣ್ಣದ ಥರ ಕಂಡ್ರೆ ಇನ್ನೂ ನೆನೀಬೇಕು. ಬೇರೆಯೆಲ್ಲ ಉಬ್ಬಿದ್ರೂ ಸುಕ್ಕುಸುಕ್ಕಾಗೇ ಉಳಿದ ಕಾಳನ್ನ ಆರಿಸಿ ಎಸೆದುಬಿಡು.

ಒಂದು ವಿಷಯ ಮಾತ್ರ ಮರೀಬೇಡ. ನೆನೆಸಿದ ನೀರು ಚೆಲ್ಲಿ, ಹೊಸ ನೀರಲ್ಲಿ ಅರ್ಧ ಗಂಟೆ ಕೊತಕೊತ ಕುದಿಸು. ಹಸಿ ಕಿಡ್ನಿ ಬೀನ್ಸಲ್ಲಿ ಲೆಕ್ಟಿನ್ ಅನ್ನೋ ವಿಷ ಇರುತ್ತೆ, ಸರಿಯಾಗಿ ಕುದಿದ್ರೇನೇ ಅದು ಹೋಗೋದು. ನೆನೆದ ಕಾಳನ್ನ ಸೀದಾ ಸ್ಲೋ ಕುಕರ್‌ಗೆ ಹಾಕಿ ಕೆಲಸಕ್ಕೆ ಹೋಗಿಬಿಡಬೇಡ, ಅದರ ಶಾಖ ಸಾಲಲ್ಲ, ವಾಂತಿ ಭೇದಿ ಹಿಡ್ಕೊಳ್ಳುತ್ತೆ. ಕುದ್ದ ಮೇಲೆ ಉರಿ ಸಣ್ಣ ಮಾಡಿ ನಿಧಾನಕ್ಕೆ ಬೇಯಿಸು. ಮೆತ್ತಗಾದ್ಮೇಲೆ ಸೌಟಿನ ಬೆನ್ನಲ್ಲಿ ಒಂದಷ್ಟು ಕಾಳನ್ನ ಪಾತ್ರೆ ಗೋಡೆಗೆ ಒತ್ತಿ ಕಿವುಚು. ನೋಡ್ತಾ ನೋಡ್ತಾ ನೀರು ಮಂದ ಆಗಿ ಸೌಟಿಗೆ ಅಂಟ್ಕೊಳ್ಳೋಕೆ ಶುರುವಾಗುತ್ತೆ. ಒಳ್ಳೇ ಕಾಳಾದ್ರೆ ಒತ್ತಿದ ಕೂಡ್ಲೇ ಬೆಣ್ಣೆ ಹಾಗೆ ಹರಡುತ್ತೆ. ಹುಳಿ ಇರೋ ಹಾಟ್ ಸಾಸು ತಟ್ಟೆಗೆ ಬಡಿಸಿದ್ಮೇಲೆ ಸಾಕು, ಮೊದಲೇ ಹಾಕಿದ್ರೆ ಕಾಳು ಬಿಗಿಯುತ್ತೆ.

ಅನ್ನ ಉದ್ದ ಅಕ್ಕಿದು, ಉದುರುದುರಾಗಿ, ಮಸಾಲೆ ಏನೂ ಬೇಡ. ಒಂದು ಪೌಂಡ್ ಪ್ಯಾಕೆಟ್ ಆರು ಜನಕ್ಕೆ ಧಾರಾಳ, ಒಂದೇ ತಗೋ. ಎರಡಕ್ಕೆ ಏನೋ ಆಫರ್ ಇದೆ ಅಂತ ಜಾಸ್ತಿ ತರಬೇಡ, ಮುಂದಿನ ಸೋಮವಾರಕ್ಕೆ ಮತ್ತೆ ಹೊಸದು ಸಿಗುತ್ತೆ. ಹಾಗೇ ನಂಗೂ ಒಂದು ಪ್ಯಾಕೆಟ್ ತಂದುಬಿಡಮ್ಮ, ತಳ ನೋಡಿ.